ಆರ್‌ಸಿ ವಿಮಾನಕ್ಕೆ ಮೋಟರ್, ಬ್ಯಾಟರಿ ಆರಿಸುವುದು ಹೇಗೆ: ತೂಕದಿಂದ ಟೈಮರ್‌ವರೆಗೆ

ಆರ್‌ಸಿ (ರೇಡಿಯೋ ಕಂಟ್ರೋಲ್) ವಿಮಾನ ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ಮೋಟರ್ ತಗೊಳ್ಳಲಿ, ಎಷ್ಟು ಕೆವಿ?’ ಎಂದು. (ಕೆವಿ ಅಂದರೆ ಒಂದು ವೋಲ್ಟ್‌ಗೆ ಮೋಟರ್ ಎಷ್ಟು ಜೋರಾಗಿ ತಿರುಗುತ್ತದೆ ಎಂಬ ಅಂಕಿ.) ನನ್ನನ್ನು ಕೇಳಿದರೆ ಈ ಪ್ರಶ್ನೆ ಬರಬೇಕಾದದ್ದು ನಾಲ್ಕನೆಯದಾಗಿ. ಮೊದಲು ವಿಮಾನದ ತೂಕ. ಆಮೇಲೆ ಆ ತೂಕಕ್ಕೆ ಬೇಕಾದ ವ್ಯಾಟ್. ಆಮೇಲೆ ಪ್ರೊಪೆಲರ್. ಈ ಮೂರು ಗೊತ್ತಾದರೆ ಮೋಟರ್ ತಾನಾಗಿಯೇ ಸಿಗುತ್ತದೆ. ಆಫರ್‌ನಲ್ಲಿ ಸಿಕ್ಕಿತು ಅಂತ ಮೋಟರ್ ಮೊದಲು ಕೊಂಡು, ಅದಕ್ಕೆ ವಿಮಾನ ಹೊಂದಿಸಲು ಕೂತರೆ ಒಂದೋ ಮೋಟರ್ ಸುಡುತ್ತದೆ, ಇಲ್ಲವೇ ವಿಮಾನ ನೆಲ ಬಿಟ್ಟು ಏಳುವುದಿಲ್ಲ.

ಲೆಕ್ಕವನ್ನು ಗಾಳಿಯಲ್ಲಿ ಹೇಳುವುದು ಬೇಡ. ಒಂದೇ ವಿಮಾನ ಇಟ್ಟುಕೊಂಡು ಕೊನೆವರೆಗೂ ಹೋಗೋಣ. ಫೋಮ್ ಬೋರ್ಡ್‌ನಲ್ಲಿ ಮಾಡಿದ, ರೆಕ್ಕೆ ಮೇಲಿರುವ ಟ್ರೈನರ್. ರೆಕ್ಕೆಯ ಉದ್ದ 1.2 ಮೀಟರ್, ಅಗಲ 20 ಸೆಂಟಿಮೀಟರ್. ಕಲಿಯುವವರು ಸಾಮಾನ್ಯವಾಗಿ ಮಾಡುವ ಅಳತೆ ಇದು.

ಹಂತ 1: ತೂಕ ಬರೆದುಕೊಳ್ಳಿ

ಇಲ್ಲಿ ತೂಕ ಅಂದರೆ ಹಾರಲು ಸಿದ್ಧವಾದ ವಿಮಾನದ ಪೂರ್ತಿ ತೂಕ, ಬ್ಯಾಟರಿ ಸಮೇತ. ಇನ್ನೂ ಕಟ್ಟಿಲ್ಲ ಅಂದರೆ ಅಂದಾಜು ಹಾಕಬೇಕು. ನಮ್ಮ ಟ್ರೈನರ್‌ಗೆ ಹೀಗೆ: ಬಾಡಿ ಮತ್ತು ರೆಕ್ಕೆ 450 ಗ್ರಾಂ, ಮೋಟರ್ 70, ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್) 28, 9 ಗ್ರಾಂನ ನಾಲ್ಕು ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್) 36, ರಿಸೀವರ್ 15, ಪ್ರೊಪೆಲರ್ ಮತ್ತು ಅಡಾಪ್ಟರ್ 25, ಬ್ಯಾಟರಿ 180. ಒಟ್ಟು 804. ಇದರಲ್ಲಿ ಚಕ್ರ, ತಂತಿ, ಸ್ಕ್ರೂ, ಟೇಪು, ಅಂಟು ಯಾವುದೂ ಇಲ್ಲ. ಹಾಟ್ ಗ್ಲೂ ಧಾರಾಳವಾಗಿ ಸುರಿಯುವವರ ವಿಮಾನದಲ್ಲಿ ಬರೀ ಅಂಟೇ ಒಂದು ಸರ್ವೋಗಿಂತ ಜಾಸ್ತಿ ತೂಗುತ್ತದೆ. ಹಾಗಾಗಿ 1 ಕೆಜಿ ಅಂತಲೇ ಇಟ್ಟುಕೊಳ್ಳೋಣ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಸಾಕು.

ಹಂತ 2: ಎಷ್ಟು ವ್ಯಾಟ್ ಬೇಕು?

ವಿದ್ಯುತ್ ವಿಮಾನ ಹಾರಿಸುವವರು ಎಲ್ಲ ಕಡೆ ಬಳಸುವ ಒಂದು ಕೈಲೆಕ್ಕ ಇದೆ. ಫುಲ್ ಥ್ರಾಟಲ್‌ನಲ್ಲಿ ಬ್ಯಾಟರಿಯಿಂದ ಹೊರಡುವ ವ್ಯಾಟನ್ನು ವಿಮಾನದ ತೂಕಕ್ಕೆ ಭಾಗಿಸುವುದು. ಒಂದು ಕೆಜಿಗೆ ಸುಮಾರು ಇಷ್ಟು ಬೇಕು:

- ನಿಧಾನವಾಗಿ ತೇಲುವ ವಿಮಾನ, ಮೋಟರ್ ಗ್ಲೈಡರ್: 110ರಿಂದ 150 ವ್ಯಾಟ್
- ಟ್ರೈನರ್: 150ರಿಂದ 220
- ಲೂಪ್, ರೋಲ್ ಹೊಡೆಯುವ ಸ್ಪೋರ್ಟ್ ವಿಮಾನ: 220ರಿಂದ 290
- ಮೂಗು ಮೇಲೆ ಮಾಡಿ ನೇತಾಡುವ 3ಡಿ ವಿಮಾನ: 330ಕ್ಕಿಂತ ಜಾಸ್ತಿ

ನಮ್ಮದು ಟ್ರೈನರ್, 1 ಕೆಜಿ. 200 ವ್ಯಾಟ್ ಎನ್ನೋಣ. ವೋಲ್ಟ್ ಅನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. 3ಎಸ್ ಲಿಪೋ ಬ್ಯಾಟರಿ (ಮೂರು ಲಿಥಿಯಂ ಪಾಲಿಮರ್ ಸೆಲ್ ಸೇರಿದ್ದು) ಲೋಡ್ ಬಿದ್ದಾಗ ಸುಮಾರು 11 ವೋಲ್ಟ್ ಕೊಡುತ್ತದೆ. 200ನ್ನು 11ರಿಂದ ಭಾಗಿಸಿದರೆ 18 ಆಂಪಿಯರ್. ಈ 18 ಎನ್ನುವ ಸಂಖ್ಯೆ ನೆನಪಿರಲಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಈ 200 ವ್ಯಾಟ್ ಪೂರ್ತಿ ಪ್ರೊಪೆಲರ್‌ಗೆ ತಲುಪುವುದಿಲ್ಲ. ಸಾಧಾರಣ ಮೋಟರ್‌ನಲ್ಲಿ ಕಾಲು ಭಾಗ ಬಿಸಿಯಾಗಿ ಹೋಗುತ್ತದೆ. ಶಾಫ್ಟ್‌ಗೆ ಸಿಗುವುದು 150.

ಹಂತ 3: ಪ್ರೊಪೆಲರ್. ಇಲ್ಲಿ ಸ್ವಲ್ಪ ನಿಲ್ಲಿ

ಮೋಟರ್ ಇಷ್ಟು ಆಂಪಿಯರ್ ಎಳೆಯುತ್ತದೆ ಅಂತ ಹೇಳುತ್ತೇವೆ. ಅಷ್ಟು ಎಳೆಯುವಂತೆ ಮಾಡುವುದು ಪ್ರೊಪೆಲರ್. ಪ್ರೊಪೆಲರ್ ಇಲ್ಲದೆ ತಿರುಗಿಸಿದರೆ ಅದೇ ಮೋಟರ್ ಅರ್ಧ ಆಂಪಿಯರ್, ಒಂದು ಆಂಪಿಯರ್‌ನಲ್ಲಿ ಆರಾಮಾಗಿ ಓಡುತ್ತದೆ. ತಪ್ಪು ಪ್ರೊಪೆಲರ್ ಹಾಕಿದರೆ ಅರ್ಧ ನಿಮಿಷದಲ್ಲಿ ಸುರುಳಿಯ ವಾರ್ನಿಶ್ ಕರಟಿದ ವಾಸನೆ ಬರುತ್ತದೆ.

10×5 ಅಂದರೆ ವ್ಯಾಸ 10 ಇಂಚು, ಪಿಚ್ 5 ಇಂಚು. ಪಿಚ್ ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಹೋಗಬೇಕು ಎಂಬ ಲೆಕ್ಕ. ಪ್ರೊಪೆಲರ್ ತಿನ್ನುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ, ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ) ಮೂರನೇ ಘಾತದಂತೆ ಏರುತ್ತದೆ. ಕೇಳೋಕೆ ಕ್ಲಾಸಿನ ಪಾಠದ ಹಾಗಿದೆ, ಅಲ್ವಾ? ಅಂಕಿಯಲ್ಲಿ ನೋಡಿ. 9 ಇಂಚಿನಿಂದ 10 ಇಂಚಿಗೆ ಹೋದರೆ, ಪಿಚ್ ಮತ್ತು ಆರ್‌ಪಿಎಂ ಅಷ್ಟೇ ಇದ್ದರೂ, ಶೇ 52ರಷ್ಟು ಜಾಸ್ತಿ ಶಕ್ತಿ ಬೇಕು. ‘ಒಂದೇ ಇಂಚು ತಾನೆ’ ಎನ್ನುವ ಹಾಗಿಲ್ಲ.

ಬ್ಯಾಟರಿ 3ಎಸ್‌ನಿಂದ 4ಎಸ್ ಮಾಡಿ ಅದೇ ಪ್ರೊಪೆಲರ್ ಬಿಟ್ಟರೆ ಇನ್ನೂ ಕಷ್ಟ. ಆರ್‌ಪಿಎಂ ಮೂರನೇ ಒಂದರಷ್ಟು ಏರಿದರೆ ಶಕ್ತಿ 2.37 ಪಟ್ಟಾಗುತ್ತದೆ. ಲೋಡ್‌ನಲ್ಲಿ ಆರ್‌ಪಿಎಂ ಅಷ್ಟು ಏರುವುದಿಲ್ಲ, ನಿಜ. ಆದರೂ ಎರಡು ಪಟ್ಟಿನ ಹತ್ತಿರ ಬರುತ್ತದೆ. ‘4ಎಸ್ ಹಾಕು, ಸಖತ್ತಾಗಿ ಹಾರುತ್ತೆ’ ಎನ್ನುವ ಗೆಳೆಯರು ಎಲ್ಲ ಮೈದಾನದಲ್ಲೂ ಇರುತ್ತಾರೆ. ಅವರ ಮಾತು ಕೇಳುವ ಮುಂಚೆ ಈ ಲೆಕ್ಕ ನೆನಪಿಸಿಕೊಳ್ಳಿ.

ಒಂದು ಪ್ರೊಪೆಲರ್ 150 ವ್ಯಾಟ್ ತಿನ್ನಲು ಎಷ್ಟು ಆರ್‌ಪಿಎಂನಲ್ಲಿ ತಿರುಗಬೇಕು? ಅಂದಾಜಿಗೆ ಒಂದು ಸೂತ್ರ ಇದೆ. ವ್ಯಾಸವನ್ನೂ ಪಿಚ್ಚನ್ನೂ ಅಡಿಗೆ ಬದಲಿಸಿ. ವ್ಯಾಸದ ನಾಲ್ಕನೇ ಘಾತ, ಗುಣಿಸು ಪಿಚ್, ಗುಣಿಸು ಸಾವಿರದ ಲೆಕ್ಕದಲ್ಲಿರುವ ಆರ್‌ಪಿಎಂನ ಘನ, ಗುಣಿಸು 1.2. ಕೊನೆಯ ಅಂಕಿ ಪ್ರೊಪೆಲರ್ ಆಕಾರದ ಮೇಲೆ 1.1ರಿಂದ 1.3ರವರೆಗೆ ಬದಲಾಗುತ್ತದೆ. 10×5ಕ್ಕೆ ಹಾಕಿ ನೋಡಿದರೆ 150 ವ್ಯಾಟ್‌ಗೆ ಸುಮಾರು 8,500 ಆರ್‌ಪಿಎಂ ಬರುತ್ತದೆ. 9×6ಕ್ಕೆ ಸುಮಾರು 9,200.

ಈಗ ವೇಗ. ಆರ್‌ಪಿಎಂ ಅನ್ನು ಪಿಚ್ ಇಂಚಿನಿಂದ ಗುಣಿಸಿ, 0.00152ರಿಂದ ಗುಣಿಸಿದರೆ ಪಿಚ್ ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿ ಸಿಗುತ್ತದೆ. 10×5ಕ್ಕೆ 65, 9×6ಕ್ಕೆ 84. ನಮ್ಮ ಟ್ರೈನರ್‌ನ ರೆಕ್ಕೆಗೆ, ತೂಕಕ್ಕೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಸುಮಾರು 28 ಆಗುತ್ತದೆ. ಪಿಚ್ ವೇಗ ಸ್ಟಾಲ್‌ನ ಎರಡರಿಂದ ಮೂರು ಪಟ್ಟಿನೊಳಗೆ ಇದ್ದರೆ ಕಲಿಯುವ ವಿಮಾನಕ್ಕೆ ಸರಿ. ಎರಡೂ ಪ್ರೊಪೆಲರ್ ನಡೆಯುತ್ತವೆ. ನಾನಾದರೆ 10×5 ಆರಿಸುತ್ತೇನೆ. ದೊಡ್ಡ ಪ್ರೊಪೆಲರ್ ನಿಧಾನವಾಗಿ ತಿರುಗಿದರೆ ಅಷ್ಟೇ ಶಕ್ತಿಯಲ್ಲಿ ಎಳೆತ ಜಾಸ್ತಿ ಸಿಗುತ್ತದೆ, ವೇಗ ಕಡಿಮೆಯಾಗುತ್ತದೆ. ಘಾಟಿ ಹತ್ತುವಾಗ ಗೇರ್ ಇಳಿಸುತ್ತೇವಲ್ಲ, ಹಾಗೆ. ಟೇಕಾಫ್‌ಗೂ, ಇಳಿಯುವಾಗ ತಪ್ಪಿ ಮತ್ತೆ ಮೇಲೇರುವುದಕ್ಕೂ ಟ್ರೈನರ್‌ಗೆ ಬೇಕಿರುವುದು ಎಳೆತವೇ. ಆದರೆ 10 ಇಂಚಿನ ಪ್ರೊಪೆಲರ್‌ಗೆ ನೆಲದಿಂದ ಸಾಕಷ್ಟು ಜಾಗ ಇದೆಯಾ ನೋಡಿ. ಚಕ್ರ ಗಿಡ್ಡವಾಗಿದ್ದರೆ 9×6ಕ್ಕೆ ಬನ್ನಿ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ 10 ಇಂಚಿನ ‘ಸ್ಲೋ ಫ್ಲೈಯರ್’ ಪ್ರೊಪೆಲರ್‌ಗಳ ಬಗ್ಗೆ ಹುಷಾರು. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈಯರ್‌ಗಳಿಗೆ ಕೊಟ್ಟಿರುವ ಮಿತಿ, 65,000ವನ್ನು ವ್ಯಾಸದ ಇಂಚಿನಿಂದ ಭಾಗಿಸಿದಷ್ಟು ಆರ್‌ಪಿಎಂ. 10 ಇಂಚಿಗೆ 6,500. ನಮ್ಮದು 8,500ರಲ್ಲಿ ತಿರುಗುತ್ತದೆ. ಬ್ಲೇಡ್ ಮುರಿದು ಹಾರಿದರೆ ಮುಖಕ್ಕೆ ಬರುತ್ತದೆ. ‘ಎಲೆಕ್ಟ್ರಿಕ್’ ಎಂದು ಬರೆದ, ಗಟ್ಟಿ ಬ್ಲೇಡ್‌ನದನ್ನೇ ತನ್ನಿ.

ಹಂತ 4: ಕೆವಿ

ಕೆವಿ ಎಂದರೆ ಲೋಡ್ ಇಲ್ಲದೆ ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ ಎಂದು. ಕೆವಿ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತಲ್ಲ. ತುಂಬ ಜನ ಎಡವುವುದು ಇಲ್ಲೇ.

ಪ್ರೊಪೆಲರ್ ಹಾಕಿದ ಮೇಲೆ ಆರ್‌ಪಿಎಂ ಇಳಿಯುತ್ತದೆ. ಸರಿಯಾಗಿ ಹೊಂದಿಸಿದ ಮೋಟರ್ ತನ್ನ ಕೆವಿ ಲೆಕ್ಕದ ಶೇ 75ರಿಂದ 80ರಲ್ಲಿ ತಿರುಗುತ್ತದೆ. ನಮಗೆ ಬೇಕಾದದ್ದು 8,500. ವೋಲ್ಟ್ 11. ಆಗ 8,500 ಭಾಗಿಸು 11, ಭಾಗಿಸು 0.78. ಉತ್ತರ 990. ಅಂದರೆ 1000 ಕೆವಿ ಮೋಟರ್. 9×6 ಆರಿಸಿದ್ದರೆ 1070, ಅಂದರೆ 1100 ಕೆವಿ.

ಹಂತ 5: ಮೋಟರ್ ಗಾತ್ರ

1000 ಕೆವಿ ಅಂದ ತಕ್ಷಣ ಎಲ್ಲರ ಕೈ ಹೋಗುವುದು ಎ2212ರ ಕಡೆಗೆ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ, ಡ್ರೋನ್ ಕಿಟ್‌ಗಳಲ್ಲಿ ಇದೇ ಇರುತ್ತದೆ. ಕಡಿಮೆ ಬೆಲೆ, ಎಲ್ಲ ಕಡೆ ಸಿಗುತ್ತದೆ. ಅದರ ಮೈಮೇಲೆ 13ಟಿ ಎಂದಿದ್ದರೆ 1000 ಕೆವಿ, 10ಟಿ ಎಂದಿದ್ದರೆ 1400, 6ಟಿ ಎಂದಿದ್ದರೆ 2200. ಆ ಅಂಕಿ ಸುರುಳಿಯ ಸುತ್ತುಗಳದ್ದು. ಸುತ್ತು ಕಡಿಮೆಯಾದಷ್ಟೂ ಕೆವಿ ಏರುತ್ತದೆ. ಕೊಳ್ಳುವಾಗ 2212 ಒಂದನ್ನೇ ನೋಡದೆ ಈ ಅಂಕಿಯನ್ನೂ ಓದಿ. 2200 ಕೆವಿಯದಕ್ಕೆ 10 ಇಂಚಿನ ಪ್ರೊಪೆಲರ್ ಹಾಕಿದರೆ ಹೊಗೆ ಗ್ಯಾರಂಟಿ.

ಆದರೆ ಕೆವಿ ಸರಿ ಇದ್ದರೂ ಈ ಮೋಟರ್ ನಮ್ಮ ಟ್ರೈನರ್‌ಗೆ ಸಾಲದು. ಮೋಟರ್ ಎಷ್ಟು ಶಕ್ತಿ ತಡೆಯುತ್ತದೆ ಎನ್ನುವುದು ಅದರ ತೂಕದಲ್ಲಿದೆ. ತಾಮ್ರ, ಕಬ್ಬಿಣ ಜಾಸ್ತಿ ಇದ್ದಷ್ಟೂ ಬಿಸಿ ತಡೆಯುತ್ತದೆ. ಸಾಧಾರಣ ಔಟ್‌ರನ್ನರ್‌ಗೆ (ಹೊರಗಿನ ಡಬ್ಬಿಯೇ ತಿರುಗುವ ಇಂಥ ಮೋಟರ್‌ಗೆ) ಗ್ರಾಂಗೆ 3 ವ್ಯಾಟ್ ಎಂದು ಹಿಡಿಯಿರಿ. 2212 ತೂಗುವುದು 50 ಗ್ರಾಂ ಆಸುಪಾಸು. ಅಂದರೆ 150 ವ್ಯಾಟ್. ನಮಗೆ ಬೇಕಾದದ್ದು 200, ಅಂದರೆ 67 ಗ್ರಾಂ. ಆದ್ದರಿಂದ 70 ಗ್ರಾಂ ಸುತ್ತಮುತ್ತಲಿನ, 1000 ಕೆವಿಯ ಮೋಟರ್ ಹುಡುಕಿ. 700 ಗ್ರಾಂನ ಹಗುರ ವಿಮಾನವಾದರೆ 2212 ಚೆನ್ನಾಗಿಯೇ ಇದೆ.

ಹುಡುಕುವಾಗ ಹೆಸರಿನ ಗೊಂದಲ ಎದುರಾಗುತ್ತದೆ. 2212 ಎಂದರೆ ಒಳಗಿನ ಸ್ಟೇಟರ್ (ಸುರುಳಿ ಸುತ್ತಿದ, ತಿರುಗದ ಭಾಗ) 22 ಮಿಲಿಮೀಟರ್ ವ್ಯಾಸ, 12 ಮಿಲಿಮೀಟರ್ ಎತ್ತರ. ಕೆಲವು ಕಂಪನಿಗಳು ಸ್ಟೇಟರ್ ಬಿಟ್ಟು ಹೊರಗಿನ ಡಬ್ಬಿಯ ಅಳತೆ ಬರೆಯುತ್ತವೆ. ಹಾಗಾಗಿ 2212 ಮತ್ತು 2826 ಎಂಬ ಎರಡು ಮೋಟರ್‌ಗಳು ಹೆಚ್ಚು ಕಡಿಮೆ ಒಂದೇ ವರ್ಗದವು ಆಗಿರಬಹುದು. ನಮಗೆ ಬೇಕಾದದ್ದು ಸ್ಟೇಟರ್ ಲೆಕ್ಕದಲ್ಲಿ 2216, 2217. ಡಬ್ಬಿ ಲೆಕ್ಕದಲ್ಲಿ 3530ರ ಆಸುಪಾಸು. ಗೊಂದಲವಾದರೆ ನಂಬರ್ ಬಿಟ್ಟು ಗ್ರಾಂ ನೋಡಿ. ತೂಕ ಸುಳ್ಳು ಹೇಳುವುದಿಲ್ಲ. ‘ಗರಿಷ್ಠ 300 ವ್ಯಾಟ್’ ಎಂಬ ಜಾಹೀರಾತು ಹೇಳುತ್ತದೆ.

ಹಂತ 6: ಇಎಸ್‌ಸಿ

ಇದು ಬೇಗ ಮುಗಿಯುವ ವಿಷಯ. 18 ಆಂಪಿಯರ್‌ಗೆ ಶೇ 30 ಸೇರಿಸಿದರೆ 24. ಸಿಗುವುದು 30ರದ್ದು, ಅದನ್ನೇ ತನ್ನಿ. ‘ಬರ್ಸ್ಟ್ 40’ ಎಂದು ಬರೆದಿರುವುದು ಕೆಲವು ಸೆಕೆಂಡಿನ ಮಾತು, ಲೆಕ್ಕಕ್ಕೆ ತಗೊಳ್ಳಬೇಡಿ.

ಎರಡು ಸಂಗತಿ ಮಾತ್ರ ಗಮನಿಸಿ. ಡ್ರೋನ್‌ಗೆಂದು ಮಾಡಿದ ಇಎಸ್‌ಸಿಗಳಲ್ಲಿ ಅನೇಕವಕ್ಕೆ ರಿಸೀವರ್‌ಗೆ 5 ವೋಲ್ಟ್ ಕೊಡುವ ಬಿಇಸಿ ಇರುವುದಿಲ್ಲ, ಬ್ಯಾಟರಿ ಇಳಿದಾಗ ಮೋಟರ್ ನಿಲ್ಲಿಸುವ ಕಟ್‌ಆಫ್ ಕೂಡ ಇರುವುದಿಲ್ಲ. ವಿಮಾನಕ್ಕೆ ಅಂತ ಕೇಳಿ ತನ್ನಿ. ಇನ್ನೊಂದು, ಕಡಿಮೆ ಬೆಲೆಯವುಗಳಲ್ಲಿ ಇರುವುದು ಲೀನಿಯರ್ ಬಿಇಸಿ. ಅದು ಮಿಕ್ಕ ವೋಲ್ಟನ್ನು ಬಿಸಿ ಮಾಡಿ ಕಳೆಯುತ್ತದೆ. ಸರ್ವೋಗಳು ಒಂದು ಆಂಪಿಯರ್ ಎಳೆದರೆ 3ಎಸ್‌ನಲ್ಲಿ 6 ವ್ಯಾಟ್ ಬಿಸಿ, 4ಎಸ್‌ನಲ್ಲಿ ಸುಮಾರು 10 ವ್ಯಾಟ್. 4ಎಸ್‌ಗೆ ಹೋಗುವವರು ಸ್ವಿಚಿಂಗ್ ಬಿಇಸಿ ಇರುವುದನ್ನು ಕೊಳ್ಳಿ. ಬಿಇಸಿ ಬಿಸಿಯಾಗಿ ನಿಂತರೆ ಮೋಟರ್ ಜೊತೆಗೆ ಕಂಟ್ರೋಲ್ ಕೂಡ ಹೋಗುತ್ತದೆ.

ತಂತಿ ಸಾಲದಿದ್ದರೆ ಮೋಟರ್ ಕಡೆಯ ಮೂರು ತಂತಿ ಉದ್ದ ಮಾಡಿ, ಬ್ಯಾಟರಿ ಕಡೆಯದನ್ನು ಬೇಡ. ಬ್ಯಾಟರಿ ತಂತಿ ಉದ್ದವಾದರೆ ಇಎಸ್‌ಸಿಯ ಕೆಪಾಸಿಟರ್ ಮೇಲೆ ಹೊರೆ ಬೀಳುತ್ತದೆ. ಮೋಟರ್ ಉಲ್ಟಾ ತಿರುಗಿದರೆ ಆ ಮೂರರಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ.

ಹಂತ 7: ಬ್ಯಾಟರಿ

1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ‘ರೇಡಿಯೋ ಕ್ವೀನ್’ ಎಂಬ ಮಾದರಿ ವಿಮಾನವನ್ನು ವಿದ್ಯುತ್ ಮೋಟರ್‌ನಿಂದ ಹಾರಿಸಿದರು. ಆಗ ಬಳಸಿದ್ದು ಸಿಲ್ವರ್-ಜಿಂಕ್ ಬ್ಯಾಟರಿ. ಅಲ್ಲಿಂದ ಎಷ್ಟೋ ದಶಕ ಬ್ಯಾಟರಿಯ ತೂಕವೇ ಈ ಹವ್ಯಾಸದ ತಲೆನೋವಾಗಿತ್ತು. ಲಿಪೋ ಬಂದ ಮೇಲೆ ಆಟ ಬದಲಾಯಿತು. ಆದರೂ ತೂಕದ ಲೆಕ್ಕ ಬಿಡುವ ಹಾಗಿಲ್ಲ.

ಲಿಪೋದ ಒಂದು ಸೆಲ್ 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ ಸಾಲಾಗಿ ಸೇರಿದರೆ 3ಎಸ್, 11.1 ವೋಲ್ಟ್. ಎಷ್ಟು ಎಂಎಎಚ್ (ಮಿಲಿಆಂಪಿಯರ್-ಗಂಟೆ, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬೇಕು ಅಂತ ಹೀಗೆ ನೋಡಿ. ಟ್ರೈನರ್ ಹಾರಿಸುವಾಗ ಸದಾ ಫುಲ್ ಥ್ರಾಟಲ್ ಇರುವುದಿಲ್ಲ. ಸರಾಸರಿ 8 ಆಂಪಿಯರ್ ಎನ್ನೋಣ. ಹತ್ತು ನಿಮಿಷ ಹಾರಲು 8 ಗುಣಿಸು 10, ಭಾಗಿಸು 60. ಅಂದರೆ 1.33 ಆಂಪಿಯರ್-ಗಂಟೆ, 1330 ಎಂಎಎಚ್. ಬ್ಯಾಟರಿಯ ಶೇ 80 ಮಾತ್ರ ಬಳಸಬೇಕು. ಆಗ 1670 ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವುದು 2200. ಅದರಲ್ಲಿ 13 ನಿಮಿಷ ಬರುತ್ತದೆ. ತೂಕ ಸುಮಾರು 180 ಗ್ರಾಂ, ನಮ್ಮ ಅಂದಾಜಿನೊಳಗೇ ಇದೆ.

‘ಹಾಗಾದ್ರೆ 4000 ಹಾಕಿದ್ರೆ 25 ನಿಮಿಷ ಹಾರುತ್ತಲ್ವಾ?’ ಹಾರುವುದಿಲ್ಲ. 150 ಗ್ರಾಂ ತೂಕ ಜಾಸ್ತಿಯಾಗುತ್ತದೆ, ಅದನ್ನು ಹೊರಲು ಥ್ರಾಟಲ್ ಜಾಸ್ತಿ ಬೇಕು, ಸ್ಟಾಲ್ ವೇಗ ಏರುತ್ತದೆ, ಇಳಿಸುವಾಗ ವಿಮಾನ ಜೋರಾಗಿ ಬರುತ್ತದೆ. ಕಲಿಯುವವರಿಗೆ ಒಂದು ದೊಡ್ಡ ಬ್ಯಾಟರಿಗಿಂತ ಎರಡು 2200 ಲೇಸು. ಒಂದು ಮುಗಿದ ಮೇಲೆ ಕೈಗೂ ಕಣ್ಣಿಗೂ ಸ್ವಲ್ಪ ಬಿಡುವು ಸಿಗುತ್ತದೆ.

ಬ್ಯಾಟರಿ ಮೇಲಿನ ಸಿ ಅಂಕಿ ಅಂದರೆ ಅದು ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಆಂಪಿಯರ್ ಕೊಡಬಲ್ಲದು ಎಂದು. 2200 ಎಂಎಎಚ್ ಅಂದರೆ 2.2 ಆಂಪಿಯರ್-ಗಂಟೆ. 25ಸಿ ಆದರೆ 2.2ನ್ನು 25ರಿಂದ ಗುಣಿಸಿ, 55 ಆಂಪಿಯರ್. ನಮಗೆ ಬೇಕಾದದ್ದು 18, ಅಂದರೆ 8ಸಿ ಚಿಲ್ಲರೆ. ಲೇಬಲ್ ಮೇಲಿನ ಸಿ ಅಂಕಿಯನ್ನು ಕಂಪನಿಗಳು ಧಾರಾಳವಾಗಿ ಏರಿಸಿ ಬರೆಯುತ್ತವೆ. ಅರ್ಧ ಅಂತ ತಿಳಿದುಕೊಂಡರೂ 25ಸಿ ನಮಗೆ ಸಾಕು. ಸುಮ್ನೆ 60ಸಿ, 80ಸಿಗೆ ದುಡ್ಡು, ತೂಕ ಎರಡೂ ಸುರಿಯಬೇಡಿ. ಒಳ್ಳೆಯ ಚಾರ್ಜರ್ ಸೆಲ್‌ನ ಒಳರೋಧವನ್ನು ತೋರಿಸುತ್ತದೆ. ಹೊಸದರಲ್ಲಿ ಬರೆದಿಟ್ಟುಕೊಳ್ಳಿ. ಅದು ಎರಡು ಪಟ್ಟಾದ ದಿನ ಆ ಪ್ಯಾಕ್‌ಗೆ ವಯಸ್ಸಾಯಿತು ಅಂತ ಲೆಕ್ಕ.

18650ರಂಥ ಲಿಥಿಯಂ ಅಯಾನ್ ಸೆಲ್‌ಗಳು ಅಷ್ಟೇ ತೂಕದಲ್ಲಿ ಜಾಸ್ತಿ ಹೊತ್ತು ಓಡುತ್ತವೆ, ಆದರೆ ಒಮ್ಮೆಗೆ ಜಾಸ್ತಿ ಆಂಪಿಯರ್ ಕೊಡಲಾರವು. ದೊಡ್ಡ ರೆಕ್ಕೆಯ, ಮೆಲ್ಲಗೆ ತೇಲುವ ಗ್ಲೈಡರ್‌ಗೆ ಒಳ್ಳೆಯದು. ನಮ್ಮ ಟ್ರೈನರ್‌ಗೆ ಬೇಡ. ಹಳೇ ಲ್ಯಾಪ್‌ಟಾಪ್‌ನಿಂದ ಕಿತ್ತ ಸೆಲ್ ಅಂತೂ ಯಾವ ವಿಮಾನಕ್ಕೂ ಬೇಡ.

ಸುರಕ್ಷತೆ ವಿಷಯದಲ್ಲಿ ರಾಜಿ ಇಲ್ಲ. ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, 1ಸಿಯಲ್ಲಿ. 2200ಕ್ಕೆ ಅದು 2.2 ಆಂಪಿಯರ್. ಚಾರ್ಜಿಗೆ ಹಾಕಿ ಮಲಗಬೇಡಿ. ಹತ್ತಿರ ಒಂದು ಬಕೆಟ್ ಮರಳು ಇರಲಿ. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯಬಾರದು. ವಾರಗಟ್ಟಲೆ ಇಡುವುದಾದರೆ ಸೆಲ್‌ಗೆ 3.8ರಿಂದ 3.85ರಲ್ಲಿ ಇಡಿ. ಉಬ್ಬಿದ ಪ್ಯಾಕನ್ನು ‘ಇನ್ನೊಂದು ಸಲ’ ಅಂತ ಹಾರಿಸಬೇಡಿ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್-ಮೇನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡಲೇಬೇಡಿ. ಲಿಪೋ 60 ಡಿಗ್ರಿ ದಾಟಬಾರದು, ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟಿಸುತ್ತದೆ.

ಹಂತ 8: ವ್ಯಾಟ್‌ಮೀಟರ್‌ನಲ್ಲಿ ಅಳೆಯಿರಿ

ಇಲ್ಲಿವರೆಗಿನದೆಲ್ಲ ಅಂದಾಜು. ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಹಾಕುವ ಪುಟ್ಟ ವ್ಯಾಟ್‌ಮೀಟರ್ ನಿಜ ಹೇಳುತ್ತದೆ. ಒಂದು ಮೋಟರ್ ಸುಟ್ಟುಕೊಳ್ಳುವ ದುಡ್ಡಿನ ಆಸುಪಾಸಿನಲ್ಲಿ ಸಿಗುತ್ತದೆ, ದಯವಿಟ್ಟು ಕೊಳ್ಳಿ. ಮೀಟರಿಗೆ, ಬ್ಯಾಟರಿಗೆ, ಇಎಸ್‌ಸಿಗೆ ಒಂದೇ ಜಾತಿ ಕನೆಕ್ಟರ್ ಬೆಸೆಯಿರಿ. ಎಕ್ಸ್‌ಟಿ60 ಸಾಕು. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್‌ನಲ್ಲಿ ಕನೆಕ್ಟರ್, ಸಿಲಿಕಾನ್ ತಂತಿ, ಹೀಟ್ ಶ್ರಿಂಕ್ ಎಲ್ಲ ಸಿಗುತ್ತವೆ.

ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಇಲ್ಲವೇ ಇನ್ನೊಬ್ಬರಿಂದ ಹಿಡಿಸಿ. ನೀವು ಪ್ರೊಪೆಲರ್‌ನ ಹಿಂದೆ ನಿಲ್ಲಿ. ಮುಂದೆಯೂ ಬೇಡ, ಪಕ್ಕಕ್ಕೂ ಬೇಡ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಥ್ರಾಟಲ್ ನಿಧಾನವಾಗಿ ಏರಿಸಿ, ಫುಲ್‌ನಲ್ಲಿ ಐದಾರು ಸೆಕೆಂಡ್ ಇಟ್ಟು ಓದಿಕೊಳ್ಳಿ. ನಮ್ಮ ಟ್ರೈನರ್ 18 ಆಂಪಿಯರ್ ಆಸುಪಾಸು ತೋರಿಸಿದರೆ ಲೆಕ್ಕ ಸರಿ ಬಂತು. 24 ತೋರಿಸಿದರೆ ಪ್ರೊಪೆಲರ್ ಇಳಿಸಿ, 9×5 ಅಥವಾ 9×4.5. 13 ತೋರಿಸಿದರೆ 10×6, ಇಲ್ಲವೇ 11×5ಕ್ಕೆ ಏರಿಸಿ ಮತ್ತೆ ಅಳೆಯಿರಿ. ಮೋಟರ್ ಬದಲಿಸುವ ಮುಂಚೆ ಪ್ರೊಪೆಲರ್ ಬದಲಿಸಿ ನೋಡಿ, ಅದು ಅಗ್ಗ.

ನಮ್ಮ ರಾಜ್ಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 8-9ರಷ್ಟು ತೆಳು. ಅದೇ ಆರ್‌ಪಿಎಂನಲ್ಲಿ ಎಳೆತವೂ ಅಷ್ಟು ಕಡಿಮೆ, ಮೋಟರ್ ಮೇಲಿನ ಹೊರೆಯೂ ಕಡಿಮೆ. ಬೆಂಗಳೂರಿನಲ್ಲಿ ಮಿತಿಯ ಅಂಚಿಗೆ ಹೊಂದಿಸಿದ ವಿಮಾನವನ್ನು ರಜೆಗೆ ಅಂತ ಕರಾವಳಿಗೆ ಒಯ್ದರೆ ಅಲ್ಲಿ ಆಂಪಿಯರ್ ಏರುತ್ತದೆ. ಶೇ 10-15 ಉಳಿಸಿಕೊಂಡು ಹೊಂದಿಸಿದ್ದರೆ ತೊಂದರೆ ಇಲ್ಲ.

ಹಂತ 9: ಮೊದಲ ಹಾರಾಟ, ಟೈಮರ್

ಹಾರಿಸುವ ಜಾಗ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್‌ನಂಥವನ್ನು ಎಲ್ಲಿ ಹಾರಿಸಬಹುದು ಎಂದು ತೋರಿಸುವುದು) ಹಸಿರು ವಲಯದಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸಿಜಿ (ಗುರುತ್ವ ಕೇಂದ್ರ, ಅಂದರೆ ವಿಮಾನ ತೂಗಿ ನಿಲ್ಲುವ ಬಿಂದು) ಸರಿ ಮಾಡಿ. ಇದಕ್ಕಾಗಿಯೇ ಬ್ಯಾಟರಿ ಕೂರುವ ಜಾಗವನ್ನು ಉದ್ದವಾಗಿ ಬಿಟ್ಟಿರಬೇಕು.

ಮೊದಲ ಸಲ ನಾಲ್ಕೇ ನಿಮಿಷ ಹಾರಿಸಿ ಇಳಿಸಿ, ಮೋಟರ್ ಮುಟ್ಟಿ ನೋಡಿ. ಬೆರಳು ಮೂರು ಸೆಕೆಂಡ್ ಇಡಲು ಆಗದಿದ್ದರೆ ಬಿಸಿ ಜಾಸ್ತಿ ಅಂತ. ಪ್ರೊಪೆಲರ್ ಇಳಿಸಿ, ಇಲ್ಲವೇ ಮೂಗಿನಲ್ಲಿ ಗಾಳಿ ಬರುವ ಕಿಂಡಿ ಮಾಡಿ. ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಗಿಂತ ದೊಡ್ಡದಿರಬೇಕು. ಇಎಸ್‌ಸಿಯನ್ನೂ ಮುಟ್ಟಿ ನೋಡಿ, ಬ್ಯಾಟರಿಯನ್ನೂ. ಬ್ಯಾಟರಿ ಬೆಚ್ಚಗಿದ್ದರೆ ಸರಿ, ಸುಡಬಾರದು.

ಮನೆಗೆ ಬಂದು ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ ವಾಪಸ್ ತುಂಬಿತು ಅಂತ ಚಾರ್ಜರ್ ತೋರಿಸುತ್ತದೆ. ಟೈಮರ್ ಇಡಬೇಕಾದದ್ದು ಅದನ್ನು ನೋಡಿ. ನಾಲ್ಕು ನಿಮಿಷಕ್ಕೆ 640 ತುಂಬಿತು ಎನ್ನೋಣ. ನಿಮಿಷಕ್ಕೆ 160. 2200ರ ಶೇ 80 ಎಂದರೆ 1760. ಭಾಗಿಸಿದರೆ 11 ನಿಮಿಷ. ಟ್ರಾನ್ಸ್‌ಮಿಟರ್‌ನಲ್ಲಿ 9 ನಿಮಿಷಕ್ಕೆ ಟೈಮರ್ ಇಡಿ. ಉಳಿದ ಎರಡು ನಿಮಿಷ, ಇಳಿಸಲು ಬಂದು ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವುದಕ್ಕೆ.